ನಿದ್ದೆ ಮಾತ್ರೆ ಅಂತ ನಕ್ಕರು

"ನಿದ್ದೆ ಮಾತ್ರೆ ಕೊಟ್ಟು ಫಿಟ್ಸ್ ನಿಲ್ಲಿಸ್ತೀರಾ ಸಾರ್?" ಅಂತ ನಮ್ಮ ಮಕ್ಕಳ ಡಾಕ್ಟರುಗಳ ಮೀಟಿಂಗಿನಲ್ಲಿ ಒಬ್ಬರು ಕೇಳಿದ್ದರು. ಎಲ್ಲರೂ ನಕ್ಕರು. ಫಿಟ್ಸ್ ಮಕ್ಕಳ ರಾತ್ರಿ ನಿದ್ದೆಗೆ ಮೆಲಟೋನಿನ್, ಅಂದರೆ ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಹಾರ್ಮೋನಿನ ಮಾತ್ರೆ, ಕೊಡುತ್ತೇನೆ ಅಂದಿದ್ದಕ್ಕೆ ಈ ಪ್ರಶ್ನೆ. ಮೆಲಟೋನಿನ್‌ನಿಂದ ಫಿಟ್ಸ್ ನಿಲ್ಲುತ್ತದೆ ಅಂತ ನಾನು ಹೇಳಿರಲಿಲ್ಲ. ಈಗಲೂ ಹೇಳುವುದಿಲ್ಲ.

ನನ್ನ ಹತ್ತಿರ ಜಾಸ್ತಿ ಬರುವುದು ವೆಸ್ಟ್ ಸಿಂಡ್ರೋಮ್ ಮಕ್ಕಳು, ಅಂದರೆ ಬೆಚ್ಚಿದ ಹಾಗೆ ಸರಣಿ ಫಿಟ್ಸ್ ಬರುವ ಎಳೆಮಕ್ಕಳು. ಹುಟ್ಟಿದ ತಕ್ಷಣ ಅಳದವು, ಮೊದಲ ವಾರ ಸಕ್ಕರೆ ಇಳಿದವು. ಅಜ್ಜಿ ಬಾಲಗ್ರಹ ಅಂತ ತಾಯತ ಕಟ್ಟಿಸಿ, ತಾಯಿ ಸುಮ್ನೆ ಬೆಚ್ಚುತ್ತೆ ಅಂದುಕೊಂಡು, ಎರಡು ತಿಂಗಳು ಕಳೆದ ಮೇಲೆ ಕರೆತರುತ್ತಾರೆ. ಇದಕ್ಕೆ ಕೊಡುವ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಶುರು ಮಾಡಿದರೆ ರಾತ್ರಿಯೆಲ್ಲ ಹಸಿವು, ರಚ್ಚೆ. ಮೂರನೇ ದಿನಕ್ಕೆ ಮನೆಯವರೇ ಔಷಧಿ ನಿಲ್ಲಿಸಿಬಿಡುತ್ತಾರೆ. ನನ್ನ ತಲೆನೋವು ಇದು. ಅದಕ್ಕೇ ರಾತ್ರಿ ನಿದ್ದೆಗೆ ಅಂತ ಜೊತೆಗೆ ಮೆಲಟೋನಿನ್ ಕೊಡಲು ಶುರು ಮಾಡಿದೆ.

ಮೊದಲ ಮೂರು ಮಕ್ಕಳಲ್ಲಿ ಮೂರರಲ್ಲೂ ಕೆಲಸ ಕೆಟ್ಟಿತು. ಒಂದಕ್ಕೆ ಅಂಗಡಿಯವನು ನಿಧಾನಕ್ಕೆ ಕರಗುವ ಮಾತ್ರೆ ಕೊಟ್ಟಿದ್ದ, ಅದನ್ನು ಪುಡಿ ಮಾಡಿದರೆ ಇನ್ನೇನು ಉಳಿಯಿತು? ಇನ್ನೊಂದು ಮನೆಯಲ್ಲಿ ಹೊತ್ತು ಮೀರಿ ರಾತ್ರಿ ಹತ್ತೂವರೆಗೆ, ಟಿವಿ ಬೆಳಕಿನ ಮುಂದೆ ಕೂತು ಕುಡಿಸಿದ್ದರು. ಮೂರನೆಯದು ನನ್ನದೇ ತಪ್ಪು. ಮಗು ಚೆನ್ನಾಗಿ ಮಲಗಿತು ನೋಡಿ, ಇದೇ ಔಷಧಿ ಅಂತ ಅಪ್ಪ ವಿಗಾಬಾಟ್ರಿನ್ ಅನ್ನುವ ಫಿಟ್ಸ್ ಮಾತ್ರೆ ನಿಲ್ಲಿಸಿದ. ನಾಲ್ಕೇ ದಿನಕ್ಕೆ ಅಡ್ಮಿಟ್. ಅವತ್ತಿನಿಂದ ಚೀಟಿ ಮೇಲೆ ಕೆಂಪು ಶಾಯಿಯಲ್ಲಿ ‘ಇದು ಜೊತೆ ಮಾತ್ರೆ, ಫಿಟ್ಸ್ ಮಾತ್ರೆ ಬಿಡಬೇಡಿ’ ಅಂತ ಬರೆಯುತ್ತೇನೆ.

ಒಬ್ಬರ ಮನೆಗೆ ಅಮೆರಿಕದಿಂದ ಮಾವ ಮೆಲಟೋನಿನ್ ಗಮ್ಮಿ (ಜಗಿಯುವ ಮಿಠಾಯಿ) ತಂದಿದ್ದರು. ಅಲ್ಲಿ ಅದು ಔಷಧಿಯಲ್ಲ, ಆಹಾರ ಪೂರಕ. 2023ರಲ್ಲಿ 25 ಬಗೆಯ ಗಮ್ಮಿ ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿದ್ದಕ್ಕೂ ತಾಳೆಯಾಗಲಿಲ್ಲ, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಆ ಡಬ್ಬಿ ಈಗಲೂ ನನ್ನ ಡ್ರಾಯರಿನಲ್ಲಿದೆ.

ಇಲ್ಲಿಯವರೆಗೆ ಸುಮಾರು 22 ಮಕ್ಕಳು. 14-15 ಮಕ್ಕಳ ರಾತ್ರಿ ಹತ್ತು ದಿನದೊಳಗೆ ಸರಿಹೋಯಿತು. ಒಂದು ಮಗು ಹಗಲೆಲ್ಲ ಮಂಕಾಯಿತು, ನಿಲ್ಲಿಸಿದೆ. ನಾಲ್ಕೈದು ಮಕ್ಕಳಲ್ಲಿ ಎದ್ದ ಕೂಡಲೇ ಬರುವ ಸರಣಿ ಫಿಟ್ಸ್ ಕಡಿಮೆಯಾಯಿತು, ಆದರೆ ಜೊತೆಗೆ ಸ್ಟೀರಾಯ್ಡ್ ಇತ್ತಲ್ಲ, ಅದರ ಹೆಸರು ಇದಕ್ಕೆ ಕೊಡಲಾರೆ. ನಾನು ಎದೆ ತಟ್ಟಿ ಹೇಳುವುದು ಒಂದೇ: ಮೊದಲು ಮೂರರಲ್ಲಿ ಒಂದು ಮನೆಯವರು ಕೋರ್ಸ್ ನಡುವೆ ಕೈಬಿಡುತ್ತಿದ್ದರು, ಈಗ ಒಬ್ಬರೋ ಇಬ್ಬರೋ. ಖರ್ಚು ತಿಂಗಳಿಗೆ 200-300 ರೂಪಾಯಿ. ಇದೇ ಕಾಯಿಲೆಗೆ ಕೊಡುವ ಎಸಿಟಿಎಚ್ ಹಾರ್ಮೋನ್ ಇಂಜೆಕ್ಷನ್ ಲೆಕ್ಕಕ್ಕೆ ಹೋಲಿಸಿದರೆ ಬಸ್ ಚಾರ್ಜು.

ಈ ನಡುವೆ ನಿದ್ದೆ ಇಇಜಿಗೂ, ಅಂದರೆ ಮಗುವನ್ನು ಮಲಗಿಸಿ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆಗೂ, ಇದನ್ನೇ ಹಿಡಿದೆ. ಮಲಗಿಸಲು ಟ್ರೈಕ್ಲೋಫಾಸ್ ಅನ್ನುವ ಮಂಪರಿನ ಔಷಧಿ ಕೊಟ್ಟರೆ ಸಂಜೆವರೆಗೂ ಮಂಪರು. ನಸುಕಿನಲ್ಲೇ ಎಬ್ಬಿಸಿ, ಆಮೇಲೆ ಮೆಲಟೋನಿನ್ ಕೊಟ್ಟರೆ ಹತ್ತರಲ್ಲಿ ಏಳೆಂಟು ಮಲಗುತ್ತವೆ. ಗೋಳು ಬೇರೆ: ತಾಯಂದಿರು ಮಗುವಿನ ತಲೆಗೆ ಪಚಪಚ ಎಣ್ಣೆ ಹಚ್ಚಿ ತರುತ್ತಾರೆ, ಎಲೆಕ್ಟ್ರೋಡ್ ನಿಲ್ಲುವುದೇ ಇಲ್ಲ, ಟೆಕ್ನಿಷಿಯನ್ ನನ್ನ ಮೇಲೆ ಹಾರಾಡುತ್ತಾಳೆ.

ಡೋಸ್ ಇಲ್ಲಿ ಬರೆಯುವುದಿಲ್ಲ, ತಾಯಂದಿರೂ ಓದುತ್ತಾರೆ. ಕೊಡುವ ಹೊತ್ತನ್ನು ಹೇಗೆ ಗೊತ್ತು ಮಾಡುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ.

ಮೀಟಿಂಗಿನಲ್ಲಿ ಕೇಳಿದ್ದರಲ್ಲ, ಅವರೇ ಹೋದ ತಿಂಗಳು ಒಂದು ಮಗುವನ್ನು ಕಳಿಸಿದರು. ‘ನಿಮ್ಮ ನಿದ್ದೆ ಮಾತ್ರೆ ಒಮ್ಮೆ ನೋಡಿ’ ಅಂತ ಚೀಟಿ. ಮಗುವಿನ ತಲೆ ತುಂಬ ಎಣ್ಣೆ.