ಮೌಸ್ ಬಿಟ್ಟು ಓಡಿಸಿದ ಆರ್ಡರ್ ಆಪ್: ಲಿಂಕ್ ರಿಪೇರಿಯ ನನ್ನ ಅನುಭವ

"ಎಲ್ಲದಕ್ಕೂ ಎ ಟ್ಯಾಗ್ ಹಾಕೋ ಕಾಲ ಹೋಯ್ತು ಗುರೂ" ಅಂತ ನಕ್ಕವರೇ ಈಗ ನನ್ನ ಕಮಿಟ್ (ಕೋಡ್ ಬದಲಾವಣೆ) ಕೇಳುತ್ತಿದ್ದಾರೆ. ಎ ಟ್ಯಾಗ್ ಅಂದರೆ ವೆಬ್ ಪೇಜಿನಲ್ಲಿ ಲಿಂಕ್ ಮಾಡುವ ಎಚ್‌ಟಿಎಂಎಲ್ ಗುರುತು; ಒಂದು ಆರ್ಡರ್ ಆಪ್ ಮೌಸ್ ಇಲ್ಲದೆ ಓಡಲೆಂದು ನಾನು ಅದಕ್ಕೇ ಮರಳಿದೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆಗೇ ಬರೆದುಬಿಡುತ್ತೇನೆ.

ಗಿರಾಕಿ ಔಷಧಿ ಸಗಟು ವ್ಯಾಪಾರಿ. ಕೌಂಟರಿನ ಹುಡುಗರೆಲ್ಲ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪಳಗಿದವರು. ಕಣ್ಣು ಚೀಟಿಯ ಮೇಲೆ, ಬೆರಳು ಕೀ ಮೇಲೆ. ರಿಯಾಕ್ಟ್ (ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿದ ಹೊಸ ವೆಬ್ ಆಪ್ ಬಂದದ್ದೇ ತಡ, ಒಂದೊಂದು ಆರ್ಡರ್ ತೆರೆಯಲೂ ಮೌಸ್‌ಗೆ ಕೈ ಹಾಕಬೇಕಾಯಿತು. ಅವರಲ್ಲೊಬ್ಬರಿಗೆ ಮಣಿಕಟ್ಟಿನ ನೋವು ಬೇರೆ. ಸಂಜೆಯ ಬಿಲ್ಲಿಂಗ್ ಒಂದು ಗಂಟೆಯಷ್ಟು ಎಳೆಯುತ್ತಿತ್ತು. ಅದನ್ನು ಸರಿಮಾಡುತ್ತೇವೆಂದು ಯಾರೋ ಒಂದು ರೆಡಿಮೇಡ್ ವಿಜೆಟ್ (ಪೇಜಿಗೆ ಅಂಟಿಸುವ ಸಣ್ಣ ಸಾಧನ) ತಗುಲಿಸಿ ವರ್ಷಕ್ಕೆ ಸುಮಾರು 50 ಸಾವಿರ ಎತ್ತಿದ್ದರು. ಮೂಲೆಯಲ್ಲಿ ನೀಲಿ ಬಟನ್ ಬಂತು, ಅಕ್ಷರ ದೊಡ್ಡದಾಯಿತು. ಎಂಟರ್ ಒತ್ತಿದರೆ ಆರ್ಡರ್ ಮಾತ್ರ ತೆರೆಯಲಿಲ್ಲ.

ಕೋಡ್ ತೆಗೆದು ನೋಡಿದರೆ ನಿರೀಕ್ಷಿಸಿದ್ದೇ. ಪಟ್ಟಿಯ ಸಾಲು, ಅಂದರೆ ಟಿಆರ್ ಮೇಲೆ ಆನ್‌ಕ್ಲಿಕ್ (ಕ್ಲಿಕ್ ಮಾಡಿದಾಗ ಓಡುವ ಕೋಡ್), ಮೆನು ಇಡೀ ಡಿವ್ (ತನ್ನದೇ ಅರ್ಥವಿಲ್ಲದ ಬರೀ ಡಬ್ಬಿ), ಅಲ್ಲಲ್ಲಿ ಎಚ್‌ರೆಫ್ (ಹೋಗಬೇಕಾದ ವಿಳಾಸ) ಇಲ್ಲದ ಎ. ಇವುಗಳ ಮೇಲೆ ಟ್ಯಾಬ್ ಕೀ ನಿಲ್ಲುವುದೇ ಇಲ್ಲ. "ಎನ್‌ವಿಡಿಎ ಹಾಕಿ ಟೆಸ್ಟ್ ಮಾಡಿದ್ದೇವೆ, ಪಾಸ್" ಎಂದು ಹಳೆಯ ತಂಡದ ವಾದ (ಎನ್‌ವಿಡಿಎ ಅಂದರೆ ಅಂಧರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್). ಅದೂ ಸುಳ್ಳಲ್ಲ. ಬ್ರೌಸ್ ಮೋಡ್‌ನಲ್ಲಿ (ಪೇಜ್ ಓದುತ್ತಾ ಸಾಗುವ ಬಗೆ) ಆನ್‌ಕ್ಲಿಕ್ ಇರುವ ಡಿವ್ ಮೇಲೆ ಎಂಟರ್ ಒತ್ತಿದರೆ ಎನ್‌ವಿಡಿಎ ತಾನೇ ಕ್ಲಿಕ್ ಕಳಿಸುತ್ತದೆ. ಸ್ಕ್ರೀನ್ ರೀಡರ್ ಇಲ್ಲದೆ ಬರೀ ಕೀಬೋರ್ಡ್ ಹಿಡಿದವನಿಗೆ ಆ ಭಾಗ್ಯ ಇಲ್ಲ. ಹಾಗಾಗಿ ನನ್ನ ಟೆಸ್ಟ್ ಸರಳ: ಎನ್‌ವಿಡಿಎ ಬಂದ್, ಮೌಸಿನ ವೈರ್ ಕಿತ್ತು ಡ್ರಾಯರ್‌ಗೆ.

ಕಡಿಮೆ ಖರ್ಚಿನ ದಾರಿ ಎಂದು ಮೊದಲು ಹಿಡಿದದ್ದು ಟ್ಯಾಬ್‌ಇಂಡೆಕ್ಸ್ ಸೊನ್ನೆ (ಟ್ಯಾಬ್ ಕೀ ಸಾಲಿನ ಮೇಲೆ ನಿಲ್ಲಲು), ರೋಲ್ ಲಿಂಕ್ (ಸ್ಕ್ರೀನ್ ರೀಡರ್‌ಗೆ ಇದು ಲಿಂಕ್ ಎನ್ನಲು), ಕೀಡೌನ್‌ನಲ್ಲಿ (ಕೀ ಒತ್ತಿದಾಗ ಓಡುವ ಕೋಡ್) ಎಂಟರ್. ಡೆಮೊದಲ್ಲಿ ಚಪ್ಪಾಳೆಯೂ ಬಿತ್ತು. ಮರುದಿನವೇ ದೂರು ಶುರು. ಸಾಲಿನೊಳಗಿನ 'ರದ್ದು' ಬಟನ್ ಮೇಲೆ ಎಂಟರ್ ಒತ್ತಿದರೆ ಆ ಒತ್ತಿನ ಸುದ್ದಿ (ಈವೆಂಟ್) ಸಾಲಿಗೂ ಏರಿ ಆರ್ಡರ್ ಕೂಡ ತೆರೆಯುತ್ತಿತ್ತು. ಕಂಟ್ರೋಲ್ ಜೊತೆ ಎಂಟರ್ ಒತ್ತಿದರೆ ಹೊಸ ಟ್ಯಾಬ್ ಇಲ್ಲ, ವಿಳಾಸ ಕಾಪಿ ಮಾಡುವ ಮೆನು ಇಲ್ಲ. ಒಂದೊಂದಕ್ಕೂ ತೇಪೆ ಹಾಕುತ್ತಾ ಹೋದರೆ ಬ್ರೌಸರ್ ಬಿಟ್ಟಿ ಕೊಡುವುದನ್ನೇ ನಾನು ಗಂಟೆ ಲೆಕ್ಕದಲ್ಲಿ ಮಾರಿದಂತಾಗುತ್ತದೆ. ಇಡೀ ಟಿಆರ್ ಅನ್ನು ಎ ಒಳಗೆ ಸುತ್ತೋಣವೆಂದರೆ ಎಚ್‌ಟಿಎಂಎಲ್ ಒಪ್ಪುವುದಿಲ್ಲ. ಒಂದು ಲಿಂಕನ್ನು ಆಫ್ಟರ್ ಸೂಡೋ ಎಲಿಮೆಂಟ್‌ನಿಂದ (ಪೇಜಿನ ರೂಪ ಹೇಳುವ ಸಿಎಸ್‌ಎಸ್ ಹುಟ್ಟಿಸುವ ಭಾಗ) ಸಾಲಿನಗಲ ಹಿಗ್ಗಿಸಿದೆ. ಕ್ರೋಮ್‌ನಲ್ಲಿ ಚೆನ್ನ. ಹಳೆಯ ಸಫಾರಿ ಟಿಆರ್ ಮೇಲಿನ ಪೊಸಿಷನ್ ರಿಲೇಟಿವ್ (ಹಿಗ್ಗಿದ್ದು ಸಾಲಿನೊಳಗೇ ನಿಲ್ಲಲಿ ಎಂಬ ಸೂಚನೆ) ಲೆಕ್ಕಿಸದೆ ಲಿಂಕನ್ನು ಇಡೀ ಟೇಬಲ್ ಮೇಲೆ ಹಾಸಿಬಿಟ್ಟಿತು. ಎಲ್ಲಿ ಕ್ಲಿಕ್ ಮಾಡಿದರೂ ಕೊನೆಯ ಆರ್ಡರ್! ಈ ಎಲ್ಲ ಓಡಾಟದಲ್ಲಿ ಎರಡು ವಾರದಷ್ಟು ಕಳೆಯಿತು, ಅದಕ್ಕೆ ಬಿಲ್ ಹಾಕಲಾಗಲಿಲ್ಲ.

ಗೆದ್ದದ್ದು ತೀರಾ ಸಪ್ಪೆ ದಾರಿ. ಆರ್ಡರ್ ನಂಬರ್ ಇರುವ ಸೆಲ್‌ನಲ್ಲಿ ನಿಜವಾದ ಎ, ನಿಜವಾದ ಎಚ್‌ರೆಫ್. ಟಿಆರ್ ಮೇಲಿನ ಆನ್‌ಕ್ಲಿಕ್ ಮೌಸಿನವರಿಗೆ ಉಪಚಾರಕ್ಕಷ್ಟೇ. ಅದು ಒಳಗಿನ ಲಿಂಕಿನ ಕ್ಲಿಕ್ ಕರೆಯುತ್ತದೆ, ಗುರಿ ಬಟನ್ ಅಥವಾ ಲಿಂಕ್ ಆಗಿದ್ದರೆ, ಇಲ್ಲವೇ ಯಾರಾದರೂ ಪಠ್ಯ ಸೆಲೆಕ್ಟ್ ಮಾಡಿದ್ದರೆ ಸುಮ್ಮನಿರುತ್ತದೆ. ಎ ಮೇಲೆ ಎಂಟರ್ ಒತ್ತಿದರೆ ಬ್ರೌಸರೇ ಕ್ಲಿಕ್ ಹಾರಿಸುವುದರಿಂದ ಕೀಡೌನ್ ಒಂದೂ ಬೇಡ. ಆಪ್‌ನದೇ ರೂಟರ್ (ಪೇಜ್ ಬದಲಿಸುವ ಕೋಡ್) ಕಂಟ್ರೋಲ್, ಶಿಫ್ಟ್, ಮೆಟಾ ಒತ್ತಿದ್ದರೂ ಪ್ರಿವೆಂಟ್‌ಡೀಫಾಲ್ಟ್ ಮಾಡಿ ಬ್ರೌಸರಿನ ಸಹಜ ಕೆಲಸ ನಿಲ್ಲಿಸುತ್ತಿತ್ತು, ಅದನ್ನು ತಡೆದೆ. ಅದೇ ಪೇಜಿನಲ್ಲಿ ಏನೋ ಮಾಡುವಂಥವೆಲ್ಲ ಬಟನ್ ಆದವು. ಏಳುನೂರು ಎಂಟುನೂರು ಸಾಲು ಕೋಡ್ ಕಸದಬುಟ್ಟಿಗೆ. ಸೇರಿಸಿದ್ದು ನೂರೂ ಇರಲಿಕ್ಕಿಲ್ಲ.

ಆದರೂ ಹುಡುಗರು ಪೂರ್ತಿ ಒಪ್ಪಲಿಲ್ಲ. ಆರ್ಡರ್ ತೆರೆದಾಗ ಹಳೆಯ ಲಿಂಕ್ ಪೇಜಿನಿಂದ ಮಾಯ, ಫೋಕಸ್ (ಕೀಬೋರ್ಡ್ ಈಗ ನಿಂತಿರುವ ಜಾಗ) ಬಾಡಿಯ, ಅಂದರೆ ಇಡೀ ಪೇಜಿನ ಪಾಲು. ರೂಟ್ (ಆಪ್‌ನೊಳಗಿನ ವಿಳಾಸ) ಬದಲಾದ ಕೂಡಲೇ ಟೈಟಲ್ ಬದಲಿಸಿ, ಟ್ಯಾಬ್‌ಇಂಡೆಕ್ಸ್ ಮೈನಸ್ ಒಂದು (ಟ್ಯಾಬ್ ಕೀಗೆ ಸಿಗದು, ಕೋಡ್‌ಗೆ ಸಿಗುತ್ತದೆ) ಕೊಟ್ಟ ಮುಖ್ಯ ಶೀರ್ಷಿಕೆ ಎಚ್1ಗೆ ಫೋಕಸ್ ಕೊಟ್ಟೆ. ಹಿಂದಕ್ಕೆ ಬಂದಾಗ ಬಿಟ್ಟ ಸಾಲಿನ ಮೇಲೇ ನಿಲ್ಲಬೇಕು, ಇದೇ ಅವರ ಮುಖ್ಯ ಬೇಡಿಕೆ. ನಡುವೆ ಪಟ್ಟಿ ಹೊಸದಾಗಿ ಲೋಡ್ ಆಗಿ, ಆ ಆರ್ಡರ್ ಬೇರೆ ಪುಟಕ್ಕೆ ಜಾರಿದ್ದರೂ ನನ್ನದು ಅದನ್ನು ಹುಡುಕಿ ನಿಲ್ಲುತ್ತದೆ. ಹೇಗೆ ಎಂಬುದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳುವುದಿಲ್ಲ.

ಹಳೆಯ ಸಿಎಸ್‌ಎಸ್‌ನ 'ಔಟ್‌ಲೈನ್: ನನ್' (ಫೋಕಸ್ ಸುತ್ತ ಗೆರೆ ಬೇಡ ಎಂಬ ಸೂಚನೆ) ತೆಗೆದು ಫೋಕಸ್-ವಿಸಿಬಲ್ (ಕೀಬೋರ್ಡಿನವರಿಗೆ ಆ ಗೆರೆ ತೋರಿಸುವುದು) ಹಾಕಿದೆ. ಡಿಸೈನರ್‌ಗೆ ಗೆರೆಯ ಬದಲು ಗುಂಡನೆಯ ಬಾಕ್ಸ್ ಶ್ಯಾಡೋನೇ (ಸುತ್ತಲಿನ ನೆರಳು) ಬೇಕಂತೆ. ವಿಂಡೋಸ್‌ನ ಹೈ ಕಾಂಟ್ರಾಸ್ಟ್‌ನಲ್ಲಿ ಅದು ಅಳಿಸಿಹೋಗುತ್ತದೆ ಎಂದು ತೋರಿಸಿದ ಮೇಲೆ, ಜೊತೆಗೆ ಪಾರದರ್ಶಕ ಔಟ್‌ಲೈನ್ ಇಡಲು ಒಪ್ಪಿದರು. ಆ ಮೋಡ್‌ನಲ್ಲಿ ಅದಕ್ಕೆ ತಾನಾಗಿ ಬಣ್ಣ ಬರುತ್ತದೆ. ಕನ್ನಡ ಮೆನುವಿನಲ್ಲಿ ಇನ್ನೊಂದು ತರಲೆ: 'ಪಟ್ಟಿ', 'ರದ್ದು' ಇವುಗಳ ಒತ್ತಕ್ಷರ ಲಿಂಕಿನ ಅಡಿಗೆರೆಗೆ ತಾಗಿ ಓದಲಾಗದಂತಿತ್ತು. ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ (ಅಕ್ಷರಕ್ಕೂ ಅಡಿಗೆರೆಗೂ ನಡುವಿನ ಅಂತರ) ಹೆಚ್ಚಿಸಿ ಲೈನ್ ಹೈಟ್ ಸಡಿಲಿಸಿದೆ. ಇಂಗ್ಲಿಷಿನಲ್ಲಷ್ಟೇ ಡಿಸೈನ್ ನೋಡುವವರಿಗೆ ಇದು ಜನ್ಮದಲ್ಲಿ ಕಾಣದು.

ಜೆ, ಕೆ ಒತ್ತಿ ಸಾಲು ಹತ್ತಿಳಿಯುವ ಆಟವನ್ನೂ ಒಂದು ವಾರ ಆಡಿದೆ. ಹುಡುಕುವ ಪೆಟ್ಟಿಗೆಯ ಹೊರಗೆ ಫೋಕಸ್ ಇದ್ದಾಗ ಔಷಧಿಯ ಹೆಸರು ಟೈಪಿಸಿದರೆ ಪಟ್ಟಿ ಕುಣಿಯುತ್ತಿತ್ತು. ಒಂದೇ ಅಕ್ಷರದ ಶಾರ್ಟ್‌ಕಟ್ ಆಫ್ ಮಾಡುವ, ಬದಲಿಸುವ ದಾರಿ ಇರಬೇಕು, ಇಲ್ಲವೇ ಅದು ಫೋಕಸ್ ಇದ್ದಾಗ ಮಾತ್ರ ಓಡಬೇಕು ಎಂದು ಡಬ್ಲ್ಯುಸಿಎಜಿ 2.1 (ವೆಬ್ ಎಲ್ಲರಿಗೂ ಬಳಸಲು ಸಿಗಬೇಕೆಂಬ ಮಾರ್ಗಸೂಚಿ) ಸುಮ್ಮನೆ ಹೇಳಿಲ್ಲ. ಕಿತ್ತೆಸೆದೆ.

ಒಟ್ಟು 45 ಸಾವಿರದ ಹತ್ತಿರ ಸಿಕ್ಕಿತು, ವಿಜೆಟ್‌ನ ಒಂದು ವರ್ಷದ ಬಾಡಿಗೆಗಿಂತ ಕಡಿಮೆ. ವಿಜೆಟ್ ನವೀಕರಿಸಲಿಲ್ಲ. ಸಂಜೆಯ ಬಿಲ್ಲಿಂಗ್ ಮುಕ್ಕಾಲು ಗಂಟೆ ಬೇಗ ಮುಗಿಯುತ್ತಿದೆ ಎನ್ನುತ್ತಾರೆ ಮಾಲೀಕರು. ಅವರ ಮಗ ಮಾತ್ರ "ನನ್ನ ಮ್ಯಾಕ್‌ನಲ್ಲಿ ಟ್ಯಾಬ್ ಲಿಂಕಿಗೆ ಹೋಗ್ತಾನೇ ಇಲ್ಲ" ಅಂತ ಫೋನ್ ಮಾಡಿದ. ಸಫಾರಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಒಳಗೆ ಟ್ಯಾಬ್ ಕೀಗೆ ಒಂದು ಟಿಕ್ ಇದೆ, ಅದು ಮೊದಲಿಗೆ ಖಾಲಿ ಇರುತ್ತದೆ. ಇಲ್ಲವಾದರೆ ಆಪ್ಷನ್ ಜೊತೆ ಟ್ಯಾಬ್ ಒತ್ತಬೇಕು. ಅದಕ್ಕೆ ದುಡ್ಡು ಕೇಳಲಿಲ್ಲ.