ಡಿಫರೆನ್ಷಿಯಲ್ ಬುಶ್ ಹಾಕೋಕೆ ಹೋಗಿ ಬೋಲ್ಟ್ ಜಪ್ಪಯ್ಯ ಅಂದ್ರೂ ಬರದೇ ಇದ್ದಾಗ

ಡಿಫರೆನ್ಷಿಯಲ್ (ಎಂಜಿನ್ ಶಕ್ತೀನ ಎರಡೂ ಕಡೆ ಚಕ್ರಕ್ಕೆ ಹಂಚೋ ಗೇರ್ ಡಬ್ಬ) ಗಾಡಿಗೆ ಕೂರೋ ಜಾಗದ ಹಳೇ ರಬ್ಬರ್ ಬುಶ್ (ಅದುರು ತಡೆಯೋ ಮೆತ್ತೆ) ತೆಗೆದು ಪಾಲಿಯುರೇಥೇನ್ (ಗಟ್ಟಿ ಪ್ಲಾಸ್ಟಿಕ್) ಬುಶ್ ಹಾಕೋದು ಹೇಗೆ ಅಂತ ಹೇಳೋರೆಲ್ಲ "ಬೋಲ್ಟ್ ಬಿಚ್ಚಿ" ಅಂತ ಎರಡೇ ಪದದಲ್ಲಿ ಮುಗಿಸಿಬಿಡ್ತಾರೆ, ಆ ಎರಡು ಪದಕ್ಕೆ ನಂಗೆ ಒಂದೂವರೆ ದಿನ ಹಿಡೀತು. ಅದರಲ್ಲಿ ಅರ್ಧ ದಿನ ಪೂರ್ತಿ ದಂಡ, ಯಾಕಂದ್ರೆ ಬೋಲ್ಟ್ ಎಲ್ಲಿ ಹಿಡ್ಕೊಂಡಿದೆ ಅಂತಾನೇ ನೋಡದೆ ಸುಮ್ನೆ ನಟ್ ಕಡೆ ಎಣ್ಣೆ ಹೊಡೀತಾ ಕೂತಿದ್ದೆ.

ಇದು ಜಾಮ್ ಆಗೋ ಜಾಗ ಎರಡು. ಒಂದು ನಟ್ಟಿನ ಥ್ರೆಡ್, ಅದು ಎಲ್ರಿಗೂ ಗೊತ್ತು. ಇನ್ನೊಂದು ಬುಶ್ ಮಧ್ಯದಲ್ಲಿರೋ ಕಬ್ಬಿಣದ ಕೊಳವೆ, ಬೋಲ್ಟಿನ ನುಣ್ಣನೆ ಭಾಗ ಅದರೊಳಗೆ ತುಕ್ಕು ಹಿಡಿದು ಒಂದೇ ಆಗಿಬಿಟ್ಟಿರುತ್ತೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳುತ್ತೆ, ಹಾಗಾಗಿ ಒಳಗೇ ಉಬ್ಬಿ ಬಿಗಿಯಾಗಿರುತ್ತೆ. ಕಂಡುಹಿಡಿಯೋದು ಸುಲಭ, ನಟ್ ಬಂದ ಮೇಲೆ ಬೋಲ್ಟ್ ತಲೆ ಮೇಲೆ ಪೇಂಟಲ್ಲಿ ಒಂದು ಗೆರೆ ಎಳೆದು ರಾಡ್ ಹಾಕಿ ತಿರುಗಿಸಿ, ಗೆರೆ ಸ್ವಲ್ಪ ತಿರುಗಿ, ಕೈ ಬಿಟ್ಟ ತಕ್ಷಣ ವಾಪಸ್ ಅದೇ ಜಾಗಕ್ಕೆ ಬಂದ್ರೆ ಅರ್ಥ ಏನು ಅಂದ್ರೆ ತಿರುಗ್ತಿರೋದು ಬೋಲ್ಟ್ ಒಂದೇ ಅಲ್ಲ, ಕೊಳವೆ ಸಮೇತ ರಬ್ಬರ್ ತಿರುಚಿಕೊಳ್ತಿದೆ. ನಾನು ಅದನ್ನ "ಆಹಾ ಲೂಸ್ ಆಯ್ತು" ಅಂದ್ಕೊಂಡು ಖುಷಿಪಟ್ಟಿದ್ದೆ.

ಕೆಲಸಕ್ಕೆ ಇಳಿಯೋ ಹಿಂದಿನ ದಿನಾನೇ ಥ್ರೆಡ್ಡನ್ನ ವೈರ್ ಬ್ರಷ್ಷಲ್ಲಿ ತಿಕ್ಕಿ ಮಣ್ಣು ತುಕ್ಕು ತೆಗೆದು ಪೆನಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯೋ ತೆಳು ಎಣ್ಣೆ) ಹಾಕಿ, ರಾತ್ರಿ ಮಲಗೋ ಮುಂಚೆ ಇನ್ನೊಂದ್ಸಲ, ಬೆಳಿಗ್ಗೆ ಇನ್ನೊಂದ್ಸಲ. ಗಾಡಿ ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂತಿರಬೇಕು, ಬರೀ ಜಾಕಿ ನಂಬ್ಕೊಂಡು ಕೆಳಗೆ ನುಗ್ಗಬೇಡಿ, ನೀವು ರಾಡ್ ಎಳೆಯೋ ರಭಸಕ್ಕೆ ಗಾಡೀನೇ ಅಲ್ಲಾಡುತ್ತೆ. ಡಿಫರೆನ್ಷಿಯಲ್ ಕೆಳಗೆ ಬೇರೆ ಜಾಕಿ ಇಟ್ಟು ಭಾರ ಎತ್ಕೊಳ್ಳಿ, ಭಾರ ಬೋಲ್ಟ್ ಮೇಲೆ ಕೂತಿದ್ರೆ ಬರಬೇಕಾದ ಬೋಲ್ಟೂ ಬರಲ್ಲ, ಜಾಕಿ ಒಂದು ಚೂರು ಮೇಲೆ ಕೆಳಗೆ ಮಾಡ್ತಾ ಹೋದ್ರೆ ಒಂದು ಹದದಲ್ಲಿ ತಾನೇ ಸಡಿಲ ಆಗುತ್ತೆ.

ಸಾಕೆಟ್ ಆರು ಮೂಲೆದೇ ಇರಲಿ, ಹನ್ನೆರಡು ಮೂಲೆದು ತಲೆ ರೌಂಡ್ ಮಾಡಿಬಿಡುತ್ತೆ. ಮೊದಲು ಬಿಗಿ ಮಾಡೋ ಕಡೆ ಒಂದು ಚೂರು ತಿರುಗಿಸಿ ಆಮೇಲೆ ಬಿಚ್ಚೋ ಕಡೆ, ಹಿಂದೆ ಮುಂದೆ. ಒಂದು ಮೀಟರ್ ರಾಡಿನ ತುದಿಗೆ 60 ಕೆಜಿ ಭಾರ ಬಿಟ್ರೆ ಟಾರ್ಕ್ (ತಿರುಗಿಸೋ ಬಲ) ಸುಮಾರು 590 ನ್ಯೂಟನ್ ಮೀಟರ್ ಆಗುತ್ತೆ, ಬೋಲ್ಟ್ ಕಟ್ ಆಗೋಕೆ ಅದು ಸಾಕಾಗಬಹುದು, ಅದಕ್ಕೆ ಜೋಶಲ್ಲಿ ಪೈಪ್ ಉದ್ದ ಮಾಡ್ತಾ ಹೋಗಬೇಡಿ. ತಿರುಗಿಸ್ತಾ ಮೆತ್ತಗೆ ರಬ್ಬರ್ ಥರ ಹಿಗ್ಗಿದ ಹಾಗೆ ಅನಿಸಿದ್ರೆ ನಿಲ್ಲಿಸಿ, ಅದು ಬಿಚ್ಚೋ ಲಕ್ಷಣ ಅಲ್ಲ.

ನಟ್ ಜಾಮ್ ಆಗಿದ್ರೆ ಬೆಂಕಿ ಉಗುಳೋ ಗ್ಯಾಸ್ ಟಾರ್ಚ್ ಒಳ್ಳೇದು, ಬೋಲ್ಟಿಗಲ್ಲ ನಟ್ಟಿಗೆ ಬಿಸಿ ಕೊಡಿ, ನಟ್ ಹಿಗ್ಗಬೇಕು. ಬಿಸಿ ಇದ್ದಾಗ ಮೇಣದಬತ್ತಿ ತಾಗಿಸಿದ್ರೆ ಮೇಣ ಕರಗಿ ಥ್ರೆಡ್ ಒಳಗೆ ಇಳಿಯುತ್ತೆ. ಆದ್ರೆ ಪಕ್ಕದಲ್ಲೇ ಬ್ರೇಕ್ ಪೈಪು, ಎಬಿಎಸ್ ವೈರು, ಎಷ್ಟೋ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕೂಡ ಇರುತ್ತೆ, ನೀವೇ ಹಾಕಿದ ಎಣ್ಣೇನೂ ಹೊತ್ತಿಕೊಳ್ಳುತ್ತೆ, ಒರೆಸಿ, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಹಿಡಿಯಲೇಬೇಡಿ, ಬಿಸಿಗೆ ಫಾಸ್ಜೀನ್ ಅನ್ನೋ ವಿಷದ ಗಾಳಿ ಬರುತ್ತೆ.

ಕೊಳವೆಯಲ್ಲಿ ಹಿಡ್ಕೊಂಡಿದ್ರೆ ಬಿಸಿ ಕೊಟ್ಟು ಉಪಯೋಗ ಕಡಿಮೆ, ರಬ್ಬರ್ ಹೊತ್ತಿ ಹೊಗೆ ತುಂಬುತ್ತೆ, ಟಾರ್ಚ್ ತೆಗೆದ ಮೇಲೂ ಒಳಗೊಳಗೇ ಉರೀತಿರುತ್ತೆ. ನಟ್ಟನ್ನ ಬೋಲ್ಟ್ ತುದಿಗೆ ಸಮ ಬರೋ ಹಾಗೆ ಹಾಕಿ ಸುತ್ತಿಗೆಯಲ್ಲಿ ಹೊಡೀರಿ, ಥ್ರೆಡ್ ಉಳಿಯುತ್ತೆ. ಏರ್ ಹ್ಯಾಮರ್ ಇದ್ರೆ ಇನ್ನೂ ಒಳ್ಳೇದು. ಹತ್ತು ನಿಮಿಷ ಹೊಡೆದ್ರೂ ಬರ್ಲಿಲ್ವಾ, ಮರ್ಯಾದೆ ಬಿಟ್ಟು ಗರಗಸ ಎತ್ಕೊಳ್ಳಿ. ಹೇಗಿದ್ರೂ ಆ ಬುಶ್ ಗುಜರಿಗೇ ಹೋಗೋದು, ಬೋಲ್ಟೂ ಹೊಸದೇ ಹಾಕೋದು, ಯಾರನ್ನ ಉಳಿಸೋಕೆ ಈ ಒದ್ದಾಟ? ಬುಶ್ ಮುಖಕ್ಕೂ ಅದನ್ನ ಹಿಡಿದಿರೋ ಬ್ರ್ಯಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಬೈಮೆಟಲ್ ಬ್ಲೇಡ್ ಇಳಿಸಿ ಎರಡೂ ಕಡೆ ಕತ್ತರಿಸಿ, ಬ್ಲೇಡ್ ವಾಲಿದ್ರೂ ಬುಶ್ ಕಡೆಗೇ ವಾಲಲಿ, ಬ್ರ್ಯಾಕೆಟ್ಟಿಗೆ ತಾಗಬಾರದು.

ಬೋಲ್ಟ್ ಥ್ರೆಡ್ಡೊಳಗೇ ಮುರಿದು ಸ್ವಲ್ಪ ಹೊರಗೆ ಉಳಿದಿದ್ರೆ ಅದರ ಮೇಲೆ ಒಂದು ನಟ್ ವೆಲ್ಡ್ ಮಾಡ್ಸಿ (ಬ್ಯಾಟರಿ ಕನೆಕ್ಷನ್ ತೆಗೆದಿಟ್ಟು), ಆ ಬಿಸಿಗೇ ಅರ್ಧ ಬಿಟ್ಕೊಂಡಿರುತ್ತೆ. ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ (ಮುರಿದ ಬೋಲ್ಟಿಗೆ ತೂತು ಕೊರೆದು ಅದರೊಳಗೆ ಕಚ್ಚಿಸಿ ತಿರುಗಿಸೋ ಗಟ್ಟಿ ಉಕ್ಕಿನ ಕಡ್ಡಿ) ಕಡೇ ಉಪಾಯ ಅಷ್ಟೇ, ಅದು ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದಕ್ಕೆ ತಾಗೋದೂ ಇಲ್ಲ.

ಹೊಸ ಬೋಲ್ಟ್ ತಲೆ ಮೇಲಿನ ನಂಬರ್ (ಅದು ಬೋಲ್ಟ್ ಎಷ್ಟು ಗಟ್ಟಿ ಅಂತ ಹೇಳುತ್ತೆ) ಹಳೇದರ ಥರಾನೇ ಇರಬೇಕು, 10.9 ಇದ್ದ ಕಡೆ 8.8 ಹಾಕಬೇಡಿ. ಆಂಟಿ ಸೀಝ್ (ಮತ್ತೆ ಜಾಮ್ ಆಗದ ಹಾಗೆ ಹಚ್ಚೋ ಪೇಸ್ಟ್) ನುಣ್ಣನೆ ಭಾಗಕ್ಕೆ ಮಾತ್ರ ಸವರಿ, ಥ್ರೆಡ್ಡಿಗೆ ಹಚ್ಚಿದ್ರೆ ಮ್ಯಾನುಯಲ್ಲಲ್ಲಿ ಕೊಟ್ಟಿರೋ ಟಾರ್ಕಿಗೇ ಬೋಲ್ಟ್ ಜಾಸ್ತಿ ಬಿಗಿಯಾಗಿಬಿಡುತ್ತೆ. ಇದರ ಜೊತೆ ಡಿಫರೆನ್ಷಿಯಲ್ ಆಯಿಲ್ಲೂ ಬದಲಾಯಿಸೋ ಪ್ಲಾನ್ ಇದ್ರೆ ಮೊದಲು ಮೇಲಿನ ತುಂಬೋ ಪ್ಲಗ್ ಬಿಚ್ಚುತ್ತಾ ನೋಡಿ, ಆಮೇಲೆ ಕೆಳಗಿನದು, ಇಲ್ಲಾಂದ್ರೆ ಎಣ್ಣೆ ಎಲ್ಲಾ ಚೆಲ್ಲಿ ಆದಮೇಲೆ ಇನ್ನೊಂದು ಜಾಮ್ ಆಗಿರೋ ತಲೆ ನೋಡ್ಕೊಂಡು ಕೂರ್ತೀರ.