ಬೇರಿನ ಕಿಣ್ವಕ್ಕೆ ಹುಳಿ ಎಷ್ಟು ಬೇಕು? ನನ್ನ ಅನುಭವ

ಎಲೆಯ ನರ ಹಸಿರಾಗೇ ಇದ್ದು ನಡುವೆ ಹಳದಿ ಬಂದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಬಹಳ ಸಲ ಕಬ್ಬಿಣ ಇರುತ್ತದೆ, ಬೇರಿಗೆ ದಕ್ಕುವುದಿಲ್ಲ. ಹುಲ್ಲಿನ ಜಾತಿ ಬಿಟ್ಟರೆ ಹೆಚ್ಚಿನ ಗಿಡಗಳು ಫೆರಿಕ್ ಕಬ್ಬಿಣವನ್ನು (ಸುಲಭವಾಗಿ ಕರಗದ ರೂಪ) ಫೆರಸ್ (ಕರಗುವ ರೂಪ) ಮಾಡಿಕೊಂಡೇ ಒಳಗೆಳೆದುಕೊಳ್ಳುತ್ತವೆ. ಆ ಕೆಲಸ ಬೇರಿನ ಹೊರಪದರದಲ್ಲಿರುವ ಫೆರಿಕ್ ರಿಡಕ್ಟೇಸ್ ಕಿಣ್ವದ್ದು. ಅರಾಬಿಡಾಪ್ಸಿಸ್ ಎಂಬ, ಪ್ರಯೋಗಗಳಲ್ಲಿ ಹೆಚ್ಚು ಬಳಸುವ ಸಣ್ಣ ಗಿಡದಲ್ಲಿ ಇದರ ಜೀನ್ ಎಫ್‌ಆರ್‌ಒ2 ಎಂದು 1999ರಲ್ಲಿ ತಿಳಿಯಿತು. ಪಿಎಚ್ (ಹುಳಿಯ ಅಳತೆ, ಅಂಕ ಇಳಿದಷ್ಟೂ ಹುಳಿ ಜಾಸ್ತಿ) ಬದಲಾದರೆ ಈ ಕಿಣ್ವ ಏನು ಮಾಡುತ್ತದೆ ಅಂತ ನಾನು ಸೌತೆ ಸಸಿಗಳಲ್ಲಿ ನೋಡಿದೆ.

ಸಸಿಗಳನ್ನೆಲ್ಲ ಒಂದೇ ಪೋಷಕ ದ್ರಾವಣದಲ್ಲಿ ಬೆಳೆಸಿ, ಕೊನೆಗೆ ಕಬ್ಬಿಣ ಪೂರ್ತಿ ನಿಲ್ಲಿಸಿದೆ. ಹಸಿದ ಬೇರಿನಲ್ಲಿ ಕಿಣ್ವ ಜಾಸ್ತಿ. ಆಮೇಲೆ ಬೇರು ತೊಳೆದು, ಫೆರಿಕ್ ಇಡಿಟಿಎ (ಕರಗಿದ ಸ್ಥಿತಿಯಲ್ಲಿ ಹಿಡಿದಿಟ್ಟ ಫೆರಿಕ್ ಕಬ್ಬಿಣ) ಮತ್ತು ಫೆರೊಜಿನ್ ಇರುವ ದ್ರಾವಣಕ್ಕೆ ಇಳಿಬಿಟ್ಟೆ. ಫೆರಸ್ ಹುಟ್ಟಿದ ಹಾಗೆಲ್ಲ ಫೆರೊಜಿನ್ ಅದನ್ನು ಹಿಡಿದು ನೇರಳೆಯಾಗುತ್ತದೆ. 562 ನ್ಯಾನೋಮೀಟರ್‌ನಲ್ಲಿ ಬಣ್ಣ ಅಳೆದರೆ ಲೆಕ್ಕ ಸಿಗುತ್ತದೆ. ಇದನ್ನು ಕತ್ತಲಲ್ಲೇ ಮಾಡಬೇಕು, ಬೆಳಕು ಬಿದ್ದರೆ ಬೇರಿಲ್ಲದೆಯೂ ಫೆರಸ್ ಹುಟ್ಟುತ್ತದೆ. ಬೇರು ಮುರಿಯದಂತೆ ಹಿಡಿಯುವುದೂ ಮುಖ್ಯ, ಒಳಗಿನ ರಸ ಸೋರಿದರೂ ಬಣ್ಣ ಬರುತ್ತದೆ. ಬೇರಿಲ್ಲದ ಬಾಟಲಿಯೊಂದನ್ನು ಪಕ್ಕದಲ್ಲಿಟ್ಟು, ಅದರ ಬಣ್ಣವನ್ನು ಲೆಕ್ಕದಿಂದ ಕಳೆದೆ.

ಪಿಎಚ್ ಕದಲದಂತೆ ಹಿಡಿಯಲು ದ್ರಾವಣಕ್ಕೆ ಬಫರ್ ಹಾಕಿದೆ: 5.5ಕ್ಕೆ ಮೆಸ್, 7.5ಕ್ಕೆ ಹೆಪೀಸ್. ಬಫರ್ ಇಲ್ಲದೆ ಈ ಪ್ರಯೋಗ ಮಾಡುವುದು ಸುಮ್ನೆ. ಹಸಿದ ಬೇರು ತಾನೇ ಪ್ರೋಟಾನ್ ಹೊರಗೆ ತಳ್ಳಿ ಸುತ್ತಲಿನ ನೀರನ್ನು ಹುಳಿ ಮಾಡಿಕೊಳ್ಳುತ್ತದೆ. ಹಾಗಾಗಿ ಕೊನೆಗೂ ಒಂದು ಸಲ ಪಿಎಚ್ ಅಳೆಯುತ್ತೇನೆ.

5.5ರಲ್ಲಿ ನೇರಳೆ ಬೇಗ ಏರಿತು. 6.5 ದಾಟಿದ ಮೇಲೆ ಕುಗ್ಗಿತು, 7.5ರಲ್ಲಿ ತೀರಾ ತೆಳು. ಅವೇ ಸಸಿಗಳು, ಅಷ್ಟೇ ಹಸಿವು. ಕಿಣ್ವ ಕಡಿಮೆಯಾಗಿದ್ದಲ್ಲ, ಇದ್ದ ಕಿಣ್ವಕ್ಕೆ ಕೆಲಸ ಸಾಗಲಿಲ್ಲ. ಅದೇ ಮಿಶ್ರಣದ ಅಗರೋಸ್ ಜೆಲ್ ಮೇಲೆ ಬೇರು ಹರಡಿದಾಗ ಇದು ಇನ್ನೂ ಚೆನ್ನಾಗಿ ಕಂಡಿತು. 5.5ರ ಜೆಲ್‌ನಲ್ಲಿ ಬೇರಿನ ತುದಿಯ ಸ್ವಲ್ಪ ಹಿಂದೆ ದಟ್ಟ ನೇರಳೆ ಪಟ್ಟಿ, 7.5ರದ್ದರಲ್ಲಿ ಬರೀ ನೆರಳಿನಷ್ಟು.

ಸುಣ್ಣದ ಮಣ್ಣಿನಲ್ಲಿ ಗಿಡಕ್ಕೆ ಎರಡು ಕಡೆಯಿಂದ ಪೆಟ್ಟು. ಪಿಎಚ್ ಒಂದು ಅಂಕ ಏರಿದರೆ ಕರಗುವ ಫೆರಿಕ್ ಸುಮಾರು 1000 ಪಟ್ಟು ಕಡಿಮೆಯಾಗುತ್ತದೆ. ಜೊತೆಗೆ ಬೇರು ತಳ್ಳಿದ ಪ್ರೋಟಾನ್‌ಗಳನ್ನು ಬೈಕಾರ್ಬೊನೇಟ್ ನುಂಗಿಹಾಕುತ್ತದೆ, ಕಿಣ್ವಕ್ಕೆ ಬೇಕಾದ ಹುಳಿಯೇ ಸಿಗುವುದಿಲ್ಲ. ಅಲ್ಲಿಗೆ ಕಬ್ಬಿಣದ ಸಲ್ಫೇಟ್ ಸುರಿದರೆ ಅದೂ ಬೇಗ ತುಕ್ಕಾಗಿ ಕೂರುತ್ತದೆ. ಈಗ ಹಳದಿ ಎಲೆ ಕಂಡರೆ ನಾನು ಮೊದಲು ನೋಡುವುದು ಸಾರಜನಕ ಯಾವ ರೂಪದಲ್ಲಿ ಹೋಗುತ್ತಿದೆ ಅಂತ. ನೈಟ್ರೇಟ್ ಹೀರಿದ ಬೇರು ಸುತ್ತಲಿನ ಪಿಎಚ್ ಏರಿಸುತ್ತದೆ, ಅಮೋನಿಯಂ ಹೀರಿದ್ದು ಇಳಿಸುತ್ತದೆ.